ಬಿಯರ್ ಕಾರ್ಖಾನೆಯ ‘ಸ್ಟೂಡೆಂಟ್’: ಐದಾರು ತೂಕದಲ್ಲೇ ನಿಜ ಹುಡುಕಿದ ಗಾಸೆಟ್

ಅವಲಪಲ್ಲಿ ಕಡೆಯ ರೈತನೊಬ್ಬ ಐದು ತುಂಡು ಹೊಲದಲ್ಲಿ ಎರಡು ತಳಿಯ ರಾಗಿ ಬಿತ್ತಿದ ಎಂದಿಟ್ಟುಕೊಳ್ಳಿ. ಪ್ರತಿ ತುಂಡಿನಲ್ಲೂ ಅರ್ಧಕ್ಕೆ ಹಳೆಯ ಬೀಜ, ಇನ್ನರ್ಧಕ್ಕೆ ಅಂಗಡಿಯಿಂದ ತಂದ ಹೊಸ ಬೀಜ. ಕಟಾವು ಮುಗಿದು, ಕಣ ಮಾಡಿ, ತೂಗಿ ನೋಡಿದರೆ ಹೊಸ ಬೀಜದ ಕಡೆ ತುಂಡಿಗೆ ಸರಾಸರಿ 4 ಕಿಲೋ ಹೆಚ್ಚು ಬಂದಿದೆ. ಮುಂದಿನ ಮುಂಗಾರಿಗೆ ದುಡ್ಡು ಸುರಿದು ಇಡೀ ಹೊಲಕ್ಕೆ ಹೊಸ ಬೀಜವನ್ನೇ ಹಾಕಬೇಕೆ? ಆ 4 ಕಿಲೋ ನಿಜವಾಗಿಯೂ ಬೀಜದ ಗುಣವೇ? ಇಲ್ಲ, ಆ ಕಡೆ ಗೊಬ್ಬರ ಒಂದಿಷ್ಟು ಹೆಚ್ಚು ಬಿದ್ದಿತ್ತೆ? ಅಥವಾ ಬರೀ ಅದೃಷ್ಟವೆ?

ಸಿಪ್ಕಾಟ್ ಕಾರ್ಖಾನೆಯಲ್ಲಿ ಎರಡು ಯಂತ್ರಗಳಲ್ಲಿ ಯಾವುದು ಒಳ್ಳೆಯ ಮಾಲು ಕೊಡುತ್ತದೆ ಎಂದು ನೋಡುವ ಮೇಲ್ವಿಚಾರಕನದೂ ಇದೇ ಪ್ರಶ್ನೆ. ಎರಡು ಬಗೆಯ ಪಶು ಆಹಾರ ಕೊಟ್ಟು ಹಾಲು ಅಳೆಯುವವರದೂ ಇದೇ. ಸಾವಿರ ಸಲ ಅಳೆದು ನೋಡುವಷ್ಟು ಹೊತ್ತು, ಹಣ ಯಾರ ಬಳಿಯೂ ಇರುವುದಿಲ್ಲ. ಕೈಯಲ್ಲಿರುವುದು ನಾಲ್ಕೈದು ತೂಕ, ಹೆಚ್ಚೆಂದರೆ ಹತ್ತು. ಅಷ್ಟರಲ್ಲೇ ತೀರ್ಮಾನ ಆಗಬೇಕು, ತಪ್ಪಿದರೆ ಜೇಬಿಗೆ ಕತ್ತರಿ.

ಈ ತೊಡಕಿಗೆ ಲೆಕ್ಕದ ದಾರಿ ತೋರಿಸಿದವರು ವಿಶ್ವವಿದ್ಯಾಲಯದ ಪ್ರೊಫೆಸರ್ ಅಲ್ಲ, ಬಿಯರ್ ಕಾರ್ಖಾನೆಯ ನೌಕರ. ಹೆಸರು ವಿಲಿಯಂ ಸೀಲಿ ಗಾಸೆಟ್. ಕಾರ್ಖಾನೆ ಐರ್ಲೆಂಡಿನ ಡಬ್ಲಿನ್ ನಗರದ ಗಿನ್ನೆಸ್. ಹೌದು, ‘ಗಿನ್ನೆಸ್ ದಾಖಲೆ’ ಎಂದು ಶಾಲೆಯ ಮಕ್ಕಳಿಗೂ ಗೊತ್ತಿರುವ ಅದೇ ಗಿನ್ನೆಸ್. ಆ ದಾಖಲೆ ಪುಸ್ತಕವನ್ನು 1955ರಲ್ಲಿ ಮೊದಲು ಹೊರತಂದದ್ದು ಇದೇ ಬಿಯರ್ ಕಂಪನಿ. ಗಾಸೆಟ್ ಮಾಡಿದ ಕೆಲಸ ಅದಕ್ಕಿಂತ ಎಷ್ಟೋ ದೊಡ್ಡದು. ಆದರೆ ಅದು ಅವರ ಸ್ವಂತ ಹೆಸರಿನಲ್ಲಿ ಹೊರಬರಲೇ ಇಲ್ಲ.

ಗಾಸೆಟ್ ಹುಟ್ಟಿದ್ದು 1876ರ ಜೂನ್ 13ರಂದು, ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ. ತಂದೆ ಸೈನ್ಯದ ಎಂಜಿನಿಯರ್ ದಳದಲ್ಲಿ ಕರ್ನಲ್ ಆಗಿದ್ದವರು. ಮಗನಿಗೂ ಅದೇ ದಳ ಸೇರುವ ಆಸೆ ಇತ್ತು, ಕಣ್ಣಿನ ದೋಷ ಅಡ್ಡ ಬಂತು. ಹಾಗಾಗಿ ಓದಿನ ದಾರಿ ಹಿಡಿದರು. ವಿಂಚೆಸ್ಟರ್ ಶಾಲೆ, ಅಲ್ಲಿಂದ ಆಕ್ಸ್‌ಫರ್ಡಿನ ನ್ಯೂ ಕಾಲೇಜು. 1897ರಲ್ಲಿ ಗಣಿತದಲ್ಲಿ, 1899ರಲ್ಲಿ ರಸಾಯನಶಾಸ್ತ್ರದಲ್ಲಿ ಪ್ರಥಮ ದರ್ಜೆ. ಅದೇ 1899ರಲ್ಲಿ ಗಿನ್ನೆಸ್ ಅವರನ್ನು ಕೆಲಸಕ್ಕೆ ತೆಗೆದುಕೊಂಡಿತು. ಆ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಬಿಯರ್ ಕಾರ್ಖಾನೆ ಅದು. ಬರೀ ಹಳೆಯ ಕೈಗುಣ ನಂಬಿ ಅಷ್ಟು ದೊಡ್ಡ ವ್ಯಾಪಾರ ನಡೆಸುವುದು ಕಷ್ಟ ಎಂದು ಮನಗಂಡ ಮಾಲೀಕರು ವಿಜ್ಞಾನ ಓದಿದ ಹುಡುಗರನ್ನು ಸೇರಿಸಿಕೊಳ್ಳತೊಡಗಿದ್ದರು.

ಒಳಗೆ ಹೋಗಿ ನೋಡಿದರೆ ಎಲ್ಲೆಲ್ಲೂ ಹೋಲಿಕೆಯದೇ ಕೆಲಸ. ಈ ಬಾರ್ಲಿ ಮೇಲೋ ಆ ಬಾರ್ಲಿ ಮೇಲೋ, ಈ ಊರಿನ ಹಾಪ್ಸ್ ಹೂವು ವಾಸಿಯೋ ಆ ಊರಿನದೋ. ಹುದುಗು ಬರಿಸಲು ಹಾಕುವ ಯೀಸ್ಟ್ ಒಂದು ಪಾತ್ರೆಯಲ್ಲಿ ಎಷ್ಟಿದೆ ಎನ್ನುವುದೂ ದೊಡ್ಡ ಪ್ರಶ್ನೆ. ಯೀಸ್ಟ್ ಕಡಿಮೆಯಾದರೆ ಹುದುಗು ಸರಿಯಾಗಿ ಬರುವುದಿಲ್ಲ, ಹೆಚ್ಚಾದರೆ ರುಚಿ ಕೆಡುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಒಂದು ಚದರ ಮಿಲಿಮೀಟರ್ ಜಾಗವನ್ನು 400 ಚೌಕಗಳಾಗಿ ಗೀರಿದ ಗಾಜನ್ನಿಟ್ಟು, ಒಂದೊಂದು ಚೌಕದಲ್ಲಿ ಎಷ್ಟು ಯೀಸ್ಟ್ ಕಣ ಇವೆ ಎಂದು ಗಾಸೆಟ್ ಎಣಿಸಿದರು. ಒಂದು ಹನಿ ನೋಡಿ ಇಡೀ ಪಾತ್ರೆಯ ಬಗ್ಗೆ ಹೇಳುವಾಗ ಎಷ್ಟು ತಪ್ಪಬಹುದು ಎನ್ನುವ ಲೆಕ್ಕ ಅದು. 1907ರಲ್ಲಿ ಅಚ್ಚಾದ ಅವರ ಮೊದಲ ಲೇಖನ ಇದೇ ವಿಷಯದ್ದು.

ಅದಕ್ಕೂ ಮೊದಲು, 1904ರಲ್ಲಿ, ಕಾರ್ಖಾನೆಯ ಒಳಗಿನ ಓದಿಗೆಂದು ಒಂದು ವರದಿ ಬರೆದುಕೊಟ್ಟಿದ್ದರು. ಅಳತೆಗಳಲ್ಲಿ ಬರುವ ತಪ್ಪುಗಳ ನಿಯಮವನ್ನು ಬಿಯರ್ ಕೆಲಸಕ್ಕೆ ಬಳಸುವುದು ಹೇಗೆ ಎನ್ನುವುದೇ ಅದರ ವಿಷಯ. ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ರಾಗಿ ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ ಹಿಟ್ಟು ಮಾಡುವ ಮನೆಗಳಿಗೆ ಇದು ಹೊಸದಲ್ಲ. ಆ ಮಾಲ್ಟಿನಿಂದ ಎಷ್ಟು ಸಿಹಿ ಇಳಿಯುತ್ತದೆ ಎಂದು ಕಾರ್ಖಾನೆಯಲ್ಲಿ ಅಳೆಯುತ್ತಿದ್ದರು. ಅಳೆದಾಗಲೆಲ್ಲ ಅಂಕಿ ಸ್ವಲ್ಪ ಬೇರೆ. ಅರ್ಧ ಡಿಗ್ರಿಗಿಂತ ಹೆಚ್ಚು ತಪ್ಪಬಾರದು, ಅದೂ ಕನಿಷ್ಠ ಹತ್ತಕ್ಕೆ ಒಂದರ ಭರವಸೆ ಇರಬೇಕು ಎನ್ನುವುದಾದರೆ ಎಷ್ಟು ಸಲ ಅಳೆಯಬೇಕು? ಗಾಸೆಟ್ ಲೆಕ್ಕ ಹಾಕಿ ಕೊಟ್ಟ ಉತ್ತರ, ಕನಿಷ್ಠ ನಾಲ್ಕು ಸಲ. ಇನ್ನೂ ಖಚಿತ ಬೇಕೆಂದರೆ ಇನ್ನೂ ಅಳೆಯಬಹುದು, ಆದರೆ ಪ್ರತಿ ಅಳತೆಗೂ ಖರ್ಚಿದೆ. ಎಷ್ಟು ಖಚಿತವಾದರೆ ಸಾಕು ಎಂಬುದನ್ನು ಲಾಭ ನಷ್ಟ ನೋಡಿ ಮೊದಲೇ ತೀರ್ಮಾನಿಸಿಕೊಳ್ಳಬೇಕು ಎಂಬ ವ್ಯಾಪಾರಿ ಬುದ್ಧಿ ಅವರಲ್ಲಿ ಕೊನೆಯವರೆಗೂ ಇತ್ತು.

ಆದರೆ ಒಂದು ಕಡೆ ಲೆಕ್ಕ ಸಿಕ್ಕಿಕೊಂಡಿತು. ಆಗಿನ ಸಂಖ್ಯಾಶಾಸ್ತ್ರವೆಲ್ಲ ದೊಡ್ಡ ಗುಂಪುಗಳಿಗೆ ಹೊಂದುವಂಥದ್ದು. ನೂರಾರು, ಸಾವಿರಾರು ಅಳತೆ ಇದ್ದರೆ ಸರಿ. ನಾಲ್ಕೈದು ಇದ್ದರೆ? ಅದನ್ನು ಕೇಳಲೆಂದು 1905ರಲ್ಲಿ ಗಾಸೆಟ್ ಸೈಕಲ್ ತುಳಿದುಕೊಂಡು ಹಳ್ಳಿಯೊಂದರಲ್ಲಿ ರಜೆ ಕಳೆಯುತ್ತಿದ್ದ ಕಾರ್ಲ್ ಪಿಯರ್ಸನ್ ಅವರನ್ನು ಕಂಡರು. ಪಿಯರ್ಸನ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು, ಆಗಿನ ಸಂಖ್ಯಾಶಾಸ್ತ್ರದ ದೊಡ್ಡ ಹೆಸರು. ಮರುವರ್ಷ, 1906ರಲ್ಲಿ, ಗಾಸೆಟ್ ಅವರ ಮದುವೆಯಾಯಿತು. ಹೆಂಡತಿ ಮಾರ್ಜರಿ. ಅದೇ ವರ್ಷ ಕಂಪನಿ ರಜೆ ಕೊಟ್ಟು ಅವರನ್ನು ಪಿಯರ್ಸನ್ ಬಳಿ ಕಲಿಯಲು ಕಳುಹಿಸಿತು. ಗುರುವಿಗೆ ಸಣ್ಣ ಮಾದರಿಗಳಲ್ಲಿ ಅಂಥ ಆಸಕ್ತಿ ಇರಲಿಲ್ಲ. ಶಿಷ್ಯನಿಗೆ ಬೇಕಿದ್ದದ್ದೇ ಅದು. ಸಾವಿರ ಅಳತೆ ಸಿಗುವವರಿಗೆ ನಾಲ್ಕರ ಚಿಂತೆ ಯಾಕೆ ಬರಬೇಕು!

ಗಾಸೆಟ್ ಗಣಿತದಿಂದ ಒಂದು ಸೂತ್ರ ಊಹಿಸಿದರು. ಅದು ಸರಿಯೇ ಎಂದು ನೋಡಲು ಮಾಡಿದ ಕೆಲಸ ಯಾರಿಗಾದರೂ ಅರ್ಥವಾಗುವಂಥದು. 3000 ಕೈದಿಗಳ ಎತ್ತರ ಮತ್ತು ಎಡಗೈ ನಡುಬೆರಳಿನ ಉದ್ದ ಆಗಲೇ ಅಚ್ಚಾಗಿತ್ತು. ಅವನ್ನು 3000 ರಟ್ಟಿನ ಚೀಟಿಗಳ ಮೇಲೆ ಬರೆದು, ಇಸ್ಪೀಟಿನ ಎಲೆಯಂತೆ ಚೆನ್ನಾಗಿ ಕಲಸಿ, ನಾಲ್ಕು ನಾಲ್ಕರಂತೆ ತೆಗೆದರು. 750 ಪುಟ್ಟ ಗುಂಪುಗಳಾದವು. ಒಂದೊಂದು ಗುಂಪಿನ ಸರಾಸರಿ ನಿಜವಾದ ಸರಾಸರಿಯಿಂದ ಎಷ್ಟು ದೂರ ಹೋಗುತ್ತದೆ ಎಂದು ಲೆಕ್ಕ ಹಾಕಿದರು. ಕಂಪ್ಯೂಟರ್ ಇಲ್ಲದ ಕಾಲ, ಎಲ್ಲ ಕೈಯಲ್ಲೇ. ಸೂತ್ರವೂ ಚೀಟಿಗಳೂ ಹೊಂದಿಕೊಂಡವು.

1908ರಲ್ಲಿ ಪಿಯರ್ಸನ್ ಅವರ ‘ಬಯೋಮೆಟ್ರಿಕಾ’ ಪತ್ರಿಕೆಯಲ್ಲಿ ಆ ಲೇಖನ ಬಂತು. ಲೇಖಕರ ಹೆಸರಿನ ಜಾಗದಲ್ಲಿ ‘ಸ್ಟೂಡೆಂಟ್’, ಅಂದರೆ ವಿದ್ಯಾರ್ಥಿ, ಎಂದಷ್ಟೇ ಇತ್ತು. ಕಾರ್ಖಾನೆಯ ಗುಟ್ಟು ಹೊರಗಿನ ಪೈಪೋಟಿಯವರಿಗೆ ತಿಳಿಯಬಾರದು ಎಂದು ಗಿನ್ನೆಸ್ ತನ್ನ ನೌಕರರು ಸ್ವಂತ ಹೆಸರಿನಲ್ಲಿ ಬರೆಯುವುದನ್ನು ಒಪ್ಪುತ್ತಿರಲಿಲ್ಲ. ನಾಲ್ಕೈದು ತೂಕದಲ್ಲೇ ಒಳ್ಳೆಯ ಮಾಲು ಗುರುತಿಸುವ ಉಪಾಯ ಸಿಕ್ಕಿದೆ ಎನ್ನುವುದೂ ವ್ಯಾಪಾರದ ಗುಟ್ಟೇ ಅಲ್ಲವೆ.

ಅವಲಪಲ್ಲಿಯ ಹೊಲಕ್ಕೆ ಹಿಂತಿರುಗಿದರೆ ಆ ಉಪಾಯ ಏನೆಂದು ತಿಳಿಯುತ್ತದೆ. ಮೊದಲು ಎರಡು ಬೀಜಕ್ಕೂ ಏನೂ ವ್ಯತ್ಯಾಸವಿಲ್ಲ, ಕಂಡದ್ದೆಲ್ಲ ಅದೃಷ್ಟ ಎಂದೇ ಹಿಡಿಯಬೇಕು. ಆಮೇಲೆ, ಬರೀ ಅದೃಷ್ಟದಿಂದ ಇಷ್ಟು ವ್ಯತ್ಯಾಸ ಬರುವುದು ಎಷ್ಟು ಅಪರೂಪ ಎಂದು ಕೇಳಬೇಕು. ತೀರಾ ಅಪರೂಪವಾದರೆ ಮೊದಲಿನ ಊಹೆ ಬಿಡಬೇಕು. ಐದು ತುಂಡುಗಳಲ್ಲಿ ಹೊಸ ಬೀಜ ಕ್ರಮವಾಗಿ 6, 3, 5, 2, 4 ಕಿಲೋ ಹೆಚ್ಚು ಕೊಟ್ಟಿತು ಎನ್ನಿ. ಸರಾಸರಿ 4 ಕಿಲೋ. ಇನ್ನೊಬ್ಬನ ಹೊಲದಲ್ಲಿ ಒಂದು ತುಂಡಿನಲ್ಲಿ 14 ಹೆಚ್ಚು, ಮತ್ತೊಂದರಲ್ಲಿ 5 ಕಡಿಮೆ, ಆಮೇಲೆ 9 ಹೆಚ್ಚು, 7 ಕಡಿಮೆ, 9 ಹೆಚ್ಚು. ಸರಾಸರಿ ಅಲ್ಲೂ 4 ಕಿಲೋನೇ! ಆದರೆ ಎರಡೂ ಒಂದೇ ಅಲ್ಲ ಎಂದು ಲೆಕ್ಕ ಬಾರದವರಿಗೂ ಅನ್ನಿಸುತ್ತದೆ. ಮೊದಲನೆಯವನಿಗೆ ಐದರಲ್ಲಿ ಐದೂ ಕಡೆ ಹೊಸ ಬೀಜ ಗೆದ್ದಿದೆ, ಅಂಕಿಗಳು ಹತ್ತಿರ ಹತ್ತಿರ ಇವೆ. ಎರಡನೆಯವನದು ಮೇಲೆ ಕೆಳಗೆ ಹಾರಾಡಿದೆ.

ಅನ್ನಿಸಿದ್ದನ್ನು ಅಂಕಿಯಾಗಿ ಮಾಡಿದ್ದೇ ಗಾಸೆಟ್ ಅವರ ಸಾಧನೆ. ಸರಾಸರಿ ವ್ಯತ್ಯಾಸವನ್ನು, ಆ ಸರಾಸರಿ ಎಷ್ಟು ಅಲುಗಾಡಬಹುದೋ ಆ ಅಳತೆಯಿಂದ ಭಾಗಿಸುವುದು. ಮೊದಲ ಹೊಲಕ್ಕೆ 5.66 ಬರುತ್ತದೆ, ಎರಡನೆಯದಕ್ಕೆ 0.95. ಐದೇ ತುಂಡು ಇರುವಾಗ ಈ ಅಂಕಿ 2.78 ದಾಟಿದರೆ, ಬರೀ ಅದೃಷ್ಟದಿಂದ ಹಾಗಾಗುವುದು ಇಪ್ಪತ್ತಕ್ಕೆ ಒಂದು ಸಲಕ್ಕಿಂತ ಕಡಿಮೆ. ಮೊದಲ ರೈತ ಧೈರ್ಯವಾಗಿ ಬೀಜ ಬದಲಿಸಬಹುದು. ಎರಡನೆಯವನು ಇನ್ನೊಂದು ಬೆಳೆ ನೋಡುವುದು ಲೇಸು. ನೂರಾರು ತುಂಡುಗಳಿದ್ದರೆ 1.96 ದಾಟಿದರೇ ಸಾಕಿತ್ತು. ಐದೇ ಇರುವುದರಿಂದ ಗಡಿ 2.78ಕ್ಕೆ ಏರಿತು. ಅಳತೆ ಕಡಿಮೆಯಾದಷ್ಟೂ ಗಡಿ ಎಷ್ಟು ಏರಬೇಕು ಎಂಬ ಕೋಷ್ಟಕವೇ ಗಾಸೆಟ್ ಕೊಟ್ಟದ್ದು. ಅದಕ್ಕೂ ಮೊದಲು ಐದು ತುಂಡಿದ್ದರೂ ಐನೂರಿದ್ದರೂ ಒಂದೇ ಗಡಿ ಹಿಡಿದು ಜನ ಮೋಸಹೋಗುತ್ತಿದ್ದರು.

1908ರ ಲೇಖನದಲ್ಲಿ ಅವರು ಕೊಟ್ಟ ಉದಾಹರಣೆ ನಿದ್ರೆಯ ಔಷಧಿಗಳದ್ದು. ಅಮೆರಿಕದ ಆಸ್ಪತ್ರೆಯೊಂದರಲ್ಲಿ ಹತ್ತು ರೋಗಿಗಳಿಗೆ ಎರಡು ಔಷಧಿ ಬೇರೆ ಬೇರೆ ರಾತ್ರಿ ಕೊಟ್ಟಿದ್ದರು. ಒಂದರಿಂದ ಸರಾಸರಿ 0.75 ಗಂಟೆ, ಇನ್ನೊಂದರಿಂದ 2.33 ಗಂಟೆ ಹೆಚ್ಚು ನಿದ್ರೆ. ಎರಡನೆಯದೇ ಮೇಲು ಎನ್ನಲು 666ಕ್ಕೆ 1ರಷ್ಟು ಭರವಸೆ ಇದೆ ಎಂದು ಗಾಸೆಟ್ ಲೆಕ್ಕ ಹೇಳಿತು. ತಮಾಷೆ ಎಂದರೆ ಔಷಧಿಗಳ ಹೆಸರನ್ನು ಅವರು ತಪ್ಪಾಗಿ ಬರೆದಿದ್ದರು. ಅಂಕಿ ಸರಿ, ಚೀಟಿ ತಪ್ಪು. ಮುಂದೆ ಎಷ್ಟೋ ಪುಸ್ತಕಗಳಿಗೆ ಆ ಲೆಕ್ಕ ನಕಲಾಯಿತು.

ಲೇಖನ ಬಂದ ಮೇಲೂ ಹಲವು ವರ್ಷ ಯಾರೂ ಅದನ್ನು ಹೆಚ್ಚು ಗಮನಿಸಲಿಲ್ಲ. 1912ರಲ್ಲಿ ಕೇಂಬ್ರಿಡ್ಜಿನ ಯುವಕ ರೊನಾಲ್ಡ್ ಫಿಶರ್ ಅದಕ್ಕೆ ಗಣಿತದ ಪೂರ್ತಿ ಪುರಾವೆ ಬರೆದು ಕಳುಹಿಸಿದರು. ಅದು ಗಾಸೆಟ್ ಅವರಿಗೇ ತಲೆಗೆ ಹತ್ತಲಿಲ್ಲ, ಪಿಯರ್ಸನ್ ಅವರಿಗೆ ದಾಟಿಸಿದರು. ಮುಂದೆ ಫಿಶರ್ ಈ ವಿದ್ಯೆಯನ್ನೇ ಬೆಳೆಸಿ, 1925ರ ತಮ್ಮ ಪುಸ್ತಕದಿಂದ ಜಗತ್ತಿಗೆಲ್ಲ ಹಂಚಿದರು. ‘ಟಿ’ ಎನ್ನುವ ಅಕ್ಷರ ನೆಲೆಗೊಂಡದ್ದು ಆಗಲೇ. ಪಿಯರ್ಸನ್ ಮತ್ತು ಫಿಶರ್ ಪರಸ್ಪರ ಮುಖ ನೋಡದಷ್ಟು ಜಗಳ ಆಡಿದವರು. ಇಬ್ಬರ ಜೊತೆಗೂ ಸ್ನೇಹ ಉಳಿಸಿಕೊಂಡ ಒಬ್ಬರೆಂದರೆ ಗಾಸೆಟ್.

ಅವರ ಮನಸ್ಸು ಮಾತ್ರ ಬಾರ್ಲಿ ಹೊಲದಲ್ಲೇ ಇತ್ತು. ಒಂದೇ ಹೊಲದಲ್ಲೂ ಒಂದು ಕಡೆ ಮಣ್ಣು ಫಲವತ್ತು, ಇನ್ನೊಂದು ಕಡೆ ಬಡವು. ಹೊಸ ಬೀಜವನ್ನು ಒಳ್ಳೆಯ ಕಡೆ ಹಾಕಿ ಗೆಲ್ಲಿಸಿದರೆ ಅದು ಹೋಲಿಕೆಯೇ ಅಲ್ಲ. ಇಂಗ್ಲೆಂಡಿನ ಬಾರ್ಲಿ ವ್ಯಾಪಾರಿ ಎಡ್ವಿನ್ ಬೀವನ್ ಇದಕ್ಕೊಂದು ಉಪಾಯ ಮಾಡಿದ್ದರು, ಗಾಸೆಟ್ ಅದನ್ನು ಬಹಳ ಮೆಚ್ಚಿದ್ದರು. ಬಿತ್ತುವ ಕೂರಿಗೆಯ ಬೀಜದ ಪೆಟ್ಟಿಗೆಯನ್ನು ನಡುವೆ ಅಡ್ಡಹಲಗೆ ಹಾಕಿ ಎರಡು ಮಾಡುವುದು. ಒಂದು ಅರ್ಧಕ್ಕೆ ಹಳೆ ಬೀಜ, ಇನ್ನೊಂದಕ್ಕೆ ಹೊಸದು. ಹೊಲದ ಆ ತುದಿಗೆ ಹೋಗಿ ತಿರುಗಿ ಬಂದರೆ ಹಳೆ, ಹೊಸ, ಹೊಸ, ಹಳೆ ಎಂದು ಪಟ್ಟಿಗಳು ಅಕ್ಕಪಕ್ಕ ಬೀಳುತ್ತವೆ. ಮಣ್ಣು ಕೆಟ್ಟಿದ್ದರೆ ಇಬ್ಬರಿಗೂ ಕೆಟ್ಟದ್ದೇ. ಫಿಶರ್ ಇದನ್ನು ಒಪ್ಪಲಿಲ್ಲ. ಯಾವ ಬೀಜ ಎಲ್ಲಿ ಎನ್ನುವುದನ್ನು ಚೀಟಿ ಎತ್ತಿಯೇ ತೀರ್ಮಾನಿಸಬೇಕು, ಇಲ್ಲವಾದರೆ ಟಿ ಲೆಕ್ಕ ನಂಬಲಾಗದು ಎಂಬುದು ಅವರ ವಾದ. ಚೀಟಿಯಲ್ಲಿ ಒಳ್ಳೆಯ ಮಣ್ಣೆಲ್ಲ ಒಂದೇ ಬೀಜಕ್ಕೆ ಬಿದ್ದರೆ ಏನು ಗತಿ ಎಂಬುದು ಗಾಸೆಟ್ ಪ್ರಶ್ನೆ. ಸ್ನೇಹಿತರಿಬ್ಬರ ಈ ವಾದ ಗಾಸೆಟ್ ಸಾಯುವವರೆಗೂ ಮುಗಿಯಲಿಲ್ಲ.

ಐರ್ಲೆಂಡಿನಲ್ಲಿ ‘ಸ್ಪ್ರಾಟ್ ಆರ್ಚರ್’ ಎಂಬ ಹೊಸ ಬಾರ್ಲಿ ತಳಿ ಪರೀಕ್ಷೆಗಳಲ್ಲೆಲ್ಲ ಗೆದ್ದು ಹರಡುತ್ತಿದ್ದಾಗ ಒಂದು ಕಡೆಯ ರೈತರು ಮಾತ್ರ ಬೇಡವೆಂದರು. ತಮ್ಮ ಊರಿನ ಹಳೆ ಬೀಜವೇ ವಾಸಿ ಎಂದು ಹಟ ಹಿಡಿದರು. ಅವರಿಗೆ ಬುದ್ಧಿ ಕಲಿಸಲೆಂದು ಕೃಷಿ ಇಲಾಖೆ ಎರಡನ್ನೂ ಅದೇ ಊರಿನಲ್ಲಿ ಬೆಳೆಸಿ ಹೋಲಿಸಿತು. ಗೆದ್ದದ್ದು ಹಳೆ ಬೀಜ! ಕಾರಣ ಹುಡುಕಿದಾಗ ತಿಳಿಯಿತು, ಅಲ್ಲಿನ ಹೊಲಗಳಲ್ಲಿ ಕಳೆ ಜಾಸ್ತಿ. ಹಳೆಯ ಬಾರ್ಲಿ ಬೇಗ ಎದ್ದು ಕಳೆಯನ್ನು ಅಡಗಿಸುತ್ತಿತ್ತು, ಹೊಸದಕ್ಕೆ ಆ ಶಕ್ತಿ ಇರಲಿಲ್ಲ. ಕಳೆ ಕಿತ್ತು ಚೊಕ್ಕಟವಾಗಿ ಸಾಗುವಳಿ ಮಾಡುವ ಕಡೆ ಹೊಸ ತಳಿಯೇ ಮೇಲಾಗಿತ್ತು. ಈ ಸಂಗತಿಯನ್ನು ಗಾಸೆಟ್ ನೆನಪಿಟ್ಟು ಹೇಳುತ್ತಿದ್ದರು. ಒಂದು ಕಡೆ ಮಾಡಿದ ಪರೀಕ್ಷೆ ಎಷ್ಟೇ ದೊಡ್ಡ ಅಂಕಿ ಕೊಟ್ಟರೂ, ಬೆಳೆಯುವವನ ಹೊಲದಲ್ಲಿ, ಅವನ ಸಾಗುವಳಿಯಲ್ಲಿ, ಹಲವು ವರ್ಷ ನೋಡದೆ ನಂಬಬಾರದು ಎಂಬುದು ಅವರ ನಿಲುವು. ಹೊಸ ಬೀಜದಿಂದ 4 ಕಿಲೋ ಹೆಚ್ಚುವುದು ಖಚಿತವೇ ಆಗಿರಲಿ, ಬೀಜದ ಬೆಲೆ ಆ 4 ಕಿಲೋ ರಾಗಿಗಿಂತ ದುಬಾರಿಯಾದರೆ ಆ ಖಚಿತದಿಂದ ಏನು ಬಂತು? ಇದನ್ನು ಟಿ ಲೆಕ್ಕ ಹೇಳುವುದಿಲ್ಲ.

ಹೋಲಿಸುವ ಗುಂಪುಗಳೇ ಸಮ ಇಲ್ಲದಿದ್ದರೆ ದೊಡ್ಡ ಸಂಖ್ಯೆಯೂ ಕಾಪಾಡುವುದಿಲ್ಲ ಎನ್ನುವುದಕ್ಕೆ 1930ರ ಹಾಲಿನ ಪ್ರಯೋಗ ಸಾಕ್ಷಿ. ಶಾಲೆಯಲ್ಲಿ ಮಕ್ಕಳಿಗೆ ಊಟ, ಹಾಲು ಕೊಡುವುದನ್ನು ಕಂಡಿರುವ ಗಡಿ ಹಳ್ಳಿಗಳಿಗೆ ಇದು ಹತ್ತಿರದ ವಿಷಯ. ಸ್ಕಾಟ್ಲೆಂಡಿನ ಲ್ಯಾನರ್ಕ್‌ಷೈರಿನ 67 ಶಾಲೆಗಳಲ್ಲಿ 20,000 ಮಕ್ಕಳನ್ನು ಆರಿಸಿದರು. 5000 ಮಕ್ಕಳಿಗೆ ಹಸಿ ಹಾಲು, 5000 ಮಕ್ಕಳಿಗೆ ಪ್ಯಾಶ್ಚರೀಕರಿಸಿದ ಹಾಲು, ಉಳಿದ 10,000 ಮಕ್ಕಳಿಗೆ ಏನೂ ಇಲ್ಲ. ಫೆಬ್ರವರಿಯಲ್ಲಿ ಒಮ್ಮೆ, ಜೂನ್‌ನಲ್ಲಿ ಒಮ್ಮೆ ಎತ್ತರ, ತೂಕ ನೋಡಿದರು. ಇಷ್ಟು ದೊಡ್ಡ ಪ್ರಯೋಗವನ್ನು 1931ರಲ್ಲಿ ಗಾಸೆಟ್ ಬಿಡಿಸಿ ನೋಡಿದರು.

ಮಕ್ಕಳನ್ನು ಚೀಟಿ ಎತ್ತಿ ಅಥವಾ ಹೆಸರಿನ ಅಕ್ಷರ ನೋಡಿ ಆರಿಸಬೇಕಿತ್ತು. ಆದರೆ ಒಂದು ಗುಂಪಿನಲ್ಲಿ ಸೊರಗಿದವರೋ ದಷ್ಟಪುಷ್ಟರೋ ಹೆಚ್ಚಾದರೆ ಅದಲುಬದಲು ಮಾಡಲು ಶಿಕ್ಷಕರಿಗೆ ಬಿಟ್ಟಿದ್ದರು. ಅಲ್ಲೇ ಎಡವಟ್ಟಾದದ್ದು. ಬಡ ಮಗುವಿನ ಮುಖ ನೋಡಿದ ಮೇಷ್ಟ್ರು ಅದನ್ನು ಹಾಲಿನ ಸಾಲಿಗೆ ಸೇರಿಸದೆ ಇರುತ್ತಾರೆಯೆ? ಹಾಲು ಇಲ್ಲದ ಗುಂಪಿನ ಮಕ್ಕಳು ಶುರುವಿನಲ್ಲೇ ತೂಕದಲ್ಲಿ ಸುಮಾರು ಮೂರು ತಿಂಗಳ, ಎತ್ತರದಲ್ಲಿ ನಾಲ್ಕು ತಿಂಗಳ ಬೆಳವಣಿಗೆಯಷ್ಟು ಮುಂದಿದ್ದರು. ಮತ್ತೊಂದು ತಪ್ಪು ಬಟ್ಟೆಯದು. ಮಕ್ಕಳನ್ನು ಬಟ್ಟೆ ಸಮೇತ ತೂಗಿದ್ದರು. ಫೆಬ್ರವರಿ ಅಲ್ಲಿ ಕೊರೆಯುವ ಚಳಿ, ಜೂನ್ ಬೇಸಿಗೆ. ಉಳ್ಳವರ ಮಕ್ಕಳು ಚಳಿಗಾಲದ ದಪ್ಪ ಬಟ್ಟೆ ಬಿಟ್ಟು ತೆಳು ಬಟ್ಟೆಯಲ್ಲಿ ಬಂದಾಗ ತೂಕ ಇಳಿದಂತೆ ಕಾಣುತ್ತದೆ. ಬಡವರ ಮಕ್ಕಳಿಗೆ ಬಿಡಲು ದಪ್ಪ ಬಟ್ಟೆಯೇ ಇರಲಿಲ್ಲ. ಇನ್ನು ಹಸಿ ಹಾಲು ಮೇಲೋ ಪ್ಯಾಶ್ಚರೀಕರಿಸಿದ್ದು ಮೇಲೋ ಎಂದು ಹೇಳಲು ಎರಡನ್ನೂ ಕೊಟ್ಟ ಒಂದು ಶಾಲೆಯೂ ಇರಲಿಲ್ಲ. ಇಪ್ಪತ್ತು ಸಾವಿರ ಮಕ್ಕಳ ಬದಲು, ತದ್ರೂಪಿ ಅವಳಿ ಮಕ್ಕಳ 50 ಜೋಡಿ ಹುಡುಕಿ, ಜೋಡಿಯಲ್ಲಿ ಒಬ್ಬರಿಗೆ ಮಾತ್ರ ಹಾಲು ಕೊಟ್ಟಿದ್ದರೆ ಇದಕ್ಕಿಂತ ನಂಬುವಂಥ ಉತ್ತರ ಬಹಳ ಕಡಿಮೆ ಖರ್ಚಿನಲ್ಲಿ ಸಿಗುತ್ತಿತ್ತು ಎಂದು ಗಾಸೆಟ್ ಸೂಚಿಸಿದರು. ಮೇಷ್ಟ್ರ ಕರುಣೆಯನ್ನು ಯಾರೂ ತಪ್ಪೆನ್ನಲಾರರು. ಕೆಟ್ಟದ್ದು ಲೆಕ್ಕ ಮಾತ್ರ.

ಮನೆಯಲ್ಲಿ ಗಾಸೆಟ್ ಸರಳ ಮನುಷ್ಯ. ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ತೋಟದಲ್ಲಿ ಹಣ್ಣಿನ ಗಿಡ, ಗಾಳ ಹಾಕಿ ಮೀನು ಹಿಡಿಯುವ ಹುಚ್ಚು, ಬಡಗಿ ಕೆಲಸ. ಮೀನು ಹಿಡಿಯಲೆಂದೇ ಎರಡು ತುದಿಗೂ ಚುಕ್ಕಾಣಿ ಇರುವ ದೋಣಿಯನ್ನು ತಾವೇ ಮಾಡಿಕೊಂಡಿದ್ದರು. 1934ರಲ್ಲಿ ಕಾರು ದೀಪದ ಕಂಬಕ್ಕೆ ಗುದ್ದಿ ತೊಡೆಯ ಮೂಳೆ ಮುರಿಯಿತು. ಹಾಸಿಗೆ ಹಿಡಿದ ತಿಂಗಳುಗಳಲ್ಲೂ ಲೆಕ್ಕ ಬಿಡಲಿಲ್ಲ. 1935ರಲ್ಲಿ ಗಿನ್ನೆಸ್ ಲಂಡನ್ನಿನ ಪಾರ್ಕ್ ರಾಯಲ್‌ನಲ್ಲಿ ಕಟ್ಟಿದ ಹೊಸ ಕಾರ್ಖಾನೆಯನ್ನು ನೋಡಿಕೊಳ್ಳಲು ಡಬ್ಲಿನ್ ಬಿಟ್ಟು ಹೋದರು. 1937ರಲ್ಲಿ ಕಂಪನಿಯ ಮುಖ್ಯ ಬ್ರೂವರ್ ಆದರು. ಕೆಲವೇ ತಿಂಗಳು. ಅದೇ ವರ್ಷ ಅಕ್ಟೋಬರ್ 16ರಂದು ಹೃದಯಾಘಾತದಿಂದ ತೀರಿಕೊಂಡರು, ವಯಸ್ಸು 61.

ಭಾರತದಲ್ಲಿ ಈ ವಿದ್ಯೆಗೆ ನೆಲೆ ಕೊಟ್ಟವರು ಪ್ರಶಾಂತಚಂದ್ರ ಮಹಾಲನೋಬಿಸ್. 1931ರಲ್ಲಿ ಅವರು ಕಲ್ಕತ್ತೆಯಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಒಂದು ಕೇಂದ್ರ ಬೆಂಗಳೂರಿನ ಮೈಸೂರು ರಸ್ತೆಯಲ್ಲಿದೆ. ಅದೇ ಸಂಸ್ಥೆಯಲ್ಲಿ ಬೆಳೆದು ಜಗತ್ಪ್ರಸಿದ್ಧರಾದ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಈಗ ಕರ್ನಾಟಕದಲ್ಲಿರುವ ಹೂವಿನಹಡಗಲಿಯಲ್ಲಿ. ಮನೆಮಾತು ತೆಲುಗು. ಹೊಸೂರು ಕಡೆಯವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಈಗ ಟಿ ಪರೀಕ್ಷೆಗೆ ಕೋಷ್ಟಕವೂ ಬೇಡ. ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿ ಎರಡು ಸಾಲು ಅಂಕಿ ಬರೆದು ‘ಟಿ.ಟೆಸ್ಟ್’ ಎಂದು ಹೊಡೆದರೆ ಉತ್ತರ ಬರುತ್ತದೆ. ಕೂರಿಗೆಯಲ್ಲಿ ಅಡ್ಡಹಲಗೆ ಹಾಕಿದ್ದರೋ ಇಲ್ಲವೋ ಎಂದು ಅದು ಕೇಳುವುದಿಲ್ಲ.

ಫಿಶರ್ ಜೊತೆಗಿನ ವಾದಕ್ಕೆ ಗಾಸೆಟ್ ಬರೆಯುತ್ತಿದ್ದ ಉತ್ತರ ಅವರು ತೀರಿಕೊಂಡ ಮೇಲೆ, 1938ರಲ್ಲಿ, ಬಯೋಮೆಟ್ರಿಕಾದಲ್ಲಿ ಅಚ್ಚಾಯಿತು. ಲೇಖಕರ ಹೆಸರಿನ ಜಾಗದಲ್ಲಿ ಆಗಲೂ ‘ಸ್ಟೂಡೆಂಟ್’ ಎಂದೇ ಇತ್ತು.